ಕೊಳ್ಳದ ಹಾದಿಯೂ ಪರಕ್ಷೇತ್ರಪ್ರವೇಶವೂ

ಕಿತ್ತೂರಿಗೆ ಅನತಿದೂರದಲ್ಲಿರುವ ದೇಗಾಂವ ಗ್ರಾಮವು ಇತಿಹಾಸಜ್ಞರಿಗೆ ಸುಪರಿಚಿತವಾದುದು. ಗೋವೆಯ ಕದಂಬರಲ್ಲಿ ಶಿವಚಿತ್ತನೆಂದು ಪ್ರಸಿದ್ಧನಾದ ಪೆರ್ಮಾಡಿದೇವನ ರಾಣಿ ಕಮಲಾದೇವಿಯು ಅಲ್ಲಿ ಕಮಲನಾರಾಯಣನ ದೇವಾಲಯವನ್ನು ಕಟ್ಟಿಸಿದಳು. ಗ್ರಾಮವು ಅವಳ ಮೂಲಕ ಬ್ರಾಹ್ಮಣರಿಗೆ ಅಗ್ರಹಾರವಾಗಿ ಸಂದಿತು. ಇದು ಕ್ರಿ. ಶ. ೧೧೭೪ರ ಸುಮಾರಿನ ಸಂಗತಿ. ಈ ಶಾಸನಗಳನ್ನು ಫ್ಲೀಟ್ ಮಹಾಶಯರು ಮುಂಬಯಿಯ ಏಷ್ಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಪ್ರಕಟಿಸಿದಂದಿನಿಂದ ಕದಂಬರ ವಂಶಾವಳಿಯ ವಿಚಾರವೂ ದೇವಾಲಯದ ಶಿಲ್ಪದ ವಿಚಾರವೂ ಸಾಕಷ್ಟು ನಡೆದಿವೆ. ಆದರೆ ಒಂದು ಗ್ರಾಮವನ್ನು ದಾನಮಾಡಿದಾಗ ಪ್ರತಿಗ್ರಹೀತೃಗಳಿಗೆ ಏನು ಸಂದಿತು, ಏನು ಸಲ್ಲಲಿಲ್ಲ ಎಂಬ ಪ್ರಶ್ನೆಯನ್ನು ಹಾದಿಯ ದೃಷ್ಟಿಯಿಂದ ಕೇಳಿದವರು ವಿರಳ.

ಇಂತಹ ದತ್ತಿಗಳಲ್ಲಿ ಸಾಮಾನ್ಯವಾಗಿ ಹೇಳುವ ಅಷ್ಟಭೋಗಗಳು ಯಾವುವೆಂದರೆ, ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದೊಳಗಿನ ಹೊನ್ನೂ ನೆಲದ ಮೇಲಿನ ಕಲ್ಲೂ ನೀರೂ ಇಲ್ಲಿ ಉಕ್ತವಾಗಿವೆ, ಮಾರ್ಗವು ಉಕ್ತವಾಗಿಲ್ಲ. ಹಾಗೆಂದು ಶಾಸನಕಾರರು ಹಾದಿಯನ್ನು ಮರೆತವರಲ್ಲ. ಕನ್ನಡ ಶಾಸನಗಳ ಸೀಮಾವಿವರಣೆಯನ್ನು ಓದಿದರೆ ಹೆಜ್ಜೆಹೆಜ್ಜೆಗೂ ಬಟ್ಟೆ, ಹೆಬ್ಬಟ್ಟೆ ಎಂಬ ಶಬ್ದಗಳು ಎದುರಾಗುತ್ತವೆ. ಇಂಥ ಊರಿಗೆ ಹೋಗುವ ಬಟ್ಟೆಯಿಂದ ಮೂಡಲು, ನಟ್ಟ ಕಲ್ಲಿನಿಂದ ತೆಂಕಲು, ಹಳ್ಳದಿಂದ ಪಡುವಲು ಎಂದು ಭೂಮಿಯನ್ನು ಅಳೆದು ಹೇಳುವುದೇ ರೂಢಿ. ಅಂದರೆ ಹಾದಿಯು ದಾನಕ್ಕೆ ಒಳಗಾದ ವಸ್ತುವಲ್ಲ, ದಾನವನ್ನು ಗುರುತಿಸುವ ಸಾಧನ. ದಾನಿಗಿಂತಲೂ ಮೊದಲಿನಿಂದ ಅಲ್ಲಿ ಇದ್ದುದು. ಅಚಾಟಭಟಪ್ರವೇಶವೆಂಬ ತಾಮ್ರಶಾಸನಗಳ ಪದವನ್ನೂ ಇದರೊಡನೆ ಇಟ್ಟು ನೋಡಬೇಕು. ದತ್ತಭೂಮಿಯೊಳಗೆ ರಾಜಭಟರು ಕಾಲಿಡಕೂಡದೆಂದು ಅರಸನೇ ತನ್ನ ಕೈಯನ್ನು ಕಟ್ಟಿಕೊಂಡನು. ಆದರೆ ದಾರಿಹೋಕನನ್ನು ತಡೆಯುವ ಮಾತು ಆ ಪದದಲ್ಲಿಲ್ಲ.

ದೇಗಾಂವದಿಂದ ಮೂಡಲಿಗೆ ಸರಿದಂತೆ ಮಲೆಯ ಸೆರಗು ಮುಗಿದು ಬೈಲಹೊಂಗಲದ ಎರೆಯ ಹೊಲಗಳು ತೊಡಗುತ್ತವೆ. ಅದರಾಚೆ ಸವದತ್ತಿ ರಾಮದುರ್ಗಗಳ ಒಣ ಗುಡ್ಡಗಳು. ನೀರು ಈ ಗುಡ್ಡಗಳನ್ನು ಸೀಳಿದ ಕಡೆಗಳಿಗೆ ಜನರು ಕೊಳ್ಳವೆನ್ನುತ್ತಾರೆ. ನವಿಲುತೀರ್ಥದಲ್ಲಿ ಮಲಪ್ರಭೆಯು ಬೆಟ್ಟವನ್ನು ಎರಡಾಗಿ ಸೀಳಿದೆ. ಈಗ ಅಲ್ಲಿ ಅಣೆಕಟ್ಟು ನಿಂತಿದೆ. ರಾಮದುರ್ಗದ ಕಡೆಗೆ ಶಬರಿಕೊಳ್ಳವಿದೆ. ಸೊಗಲದಲ್ಲಿ ಜಲಪಾತದ ಮಗ್ಗುಲಿಗೆ ಸೋಮೇಶ್ವರನ ಗುಡಿಯಿದ್ದು, ಆ ಊರಿನ ಶಾಸನವು ಚಾಲುಕ್ಯ ತೈಲಪನ ಆಳಿಕೆಗೆ, ಕ್ರಿ. ಶ. ೯೮೦ಕ್ಕೆ ಸೇರಿದುದು. ಇನ್ನೂ ಮೂಡಲಿಗೆ ಬಾದಾಮಿ ಪಟ್ಟದಕಲ್ಲುಗಳ ಸೀಮೆಯಲ್ಲಿ ಹುಲಿಗೆಮ್ಮನ ಕೊಳ್ಳವಿದೆ. ಬೇಸಗೆಯಲ್ಲಿ ಸುತ್ತಲ ನೆಲವೆಲ್ಲ ಬಾಯಿಬಿಟ್ಟಿರುವಾಗ ನೀರೂ ನೆರಳೂ ಉಳಿಯುವುದು ಕೊಳ್ಳದಲ್ಲಿಯೇ. ಆದುದರಿಂದ ದೇವರು, ತಪಸ್ವಿ, ಕುರಿಗಾರ, ಯಾತ್ರಿಕ ಎಲ್ಲರೂ ಅಲ್ಲಿಗೇ ಸೇರಿದರು. ಈಚೆಗೆ ಕೇವಲ ನೋಟಕ್ಕಾಗಿ ನಡೆದು ಬರುವವರೂ ಸೇರಿಕೊಂಡಿದ್ದಾರೆ. ಕೊಳ್ಳವು ಗಾಯರಾಣವೋ ಅರಣ್ಯವೋ ಆಗಿರಬಹುದು. ಆದರೆ ಅಲ್ಲಿಗೆ ಹೋಗುವ ಕಾಲುದಾರಿ ಬಹುಕಡೆಗಳಲ್ಲಿ ಯಾರದೋ ಜೋಳದ ಹೊಲದ ಬದುವಿನ ಮೇಲೆ ಸಾಗುತ್ತದೆ. ತೊಡಕೆಲ್ಲ ಇರುವುದು ಅಲ್ಲಿ.

ಈ ತೊಡಕು ಹೊಸತಲ್ಲ. ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಾರ್ಗಗಳ ಅಗಲವೂ ಅವುಗಳನ್ನು ಅಡ್ಡಗಟ್ಟಿದವನಿಗೆ ದಂಡವೂ ನಿರೂಪಿತವಾಗಿವೆ. ಮನುಷ್ಯರೂ ಆಡುಕುರಿಗಳೂ ನಡೆಯುವ ದಾರಿಗೆ ಎರಡು ಅರತ್ನಿ, ಎಂದರೆ ಹೆಚ್ಚುಕಡಿಮೆ ಎರಡು ಮೊಳ. ಅದನ್ನು ತಡೆದವನಿಗೆ ೧೨ ಪಣ. ದೊಡ್ಡ ಪಶುಗಳ ದಾರಿಯನ್ನು ತಡೆದವನಿಗೆ ೨೪. ಆನೆಯ ದಾರಿ, ಹೊಲದ ದಾರಿಗಳಿಗೆ ೫೪. ಶ್ಮಶಾನಕ್ಕೂ ಗ್ರಾಮಕ್ಕೂ ಹೋಗುವ ದಾರಿಗೆ ೨೦೦. ಎರಡು ಮೊಳದ ಕಾಲುದಾರಿಗೆ ದಂಡ ಅತ್ಯಲ್ಪವೆಂದು ತೋರಬಹುದು. ಆದರೆ ಅಷ್ಟು ಸಣ್ಣ ದಾರಿಯನ್ನೂ ರಾಜ್ಯಶಾಸ್ತ್ರಜ್ಞನು ಲೆಕ್ಕಕ್ಕೆ ಹಿಡಿದನೆಂಬುದೇ ಗಮನಾರ್ಹವಾದುದು.

ಇನ್ನು ಸ್ಮೃತಿಗಳು ನಡೆಯುವವನ ಕಡೆಯಿಂದಲೂ ನೋಡುತ್ತವೆ. ಆಹಾರ ತೀರಿದ ದಾರಿಹೋಕ ದ್ವಿಜನು ಪರರ ಹೊಲದಿಂದ ಎರಡು ಕಬ್ಬನ್ನೂ ಎರಡು ಮೂಲಂಗಿಯನ್ನೂ ತೆಗೆದುಕೊಂಡರೆ ದಂಡಾರ್ಹನಲ್ಲವೆಂದು ಮನುವಿನ ಮತ. ಎರಡು ಎಂಬ ಸಂಖ್ಯೆಯನ್ನು ಕಂಠೋಕ್ತವಾಗಿ ಹೇಳಿರುವುದರಲ್ಲಿ ಸ್ವಾರಸ್ಯವಿದೆ: ಹಸಿವೆಗೆ ಅನುಮತಿಯುಂಟು, ಚೀಲಕ್ಕಿಲ್ಲ. (ಈ ಸೌಲಭ್ಯವನ್ನು ದ್ವಿಜನಿಗೆ ಮಾತ್ರ ಹೇಳಿದುದು ಆ ಕಾಲದ ಸಂಕೋಚ; ಹಸಿವೆಗೆ ವರ್ಣವಿಲ್ಲ.) ಯಾಜ್ಞವಲ್ಕ್ಯನು ದಾರಿಯ, ಊರಿನ, ಹುಲ್ಲುಗಾವಲಿನ ಮಗ್ಗುಲ ಹೊಲದಲ್ಲಿ ಅಕಸ್ಮಾತ್ತಾಗಿ ಪಶುವು ಮೇದರೆ ದೋಷವಿಲ್ಲವೆಂದೂ, ಬೇಕೆಂದೇ ಮೇಯಿಸಿದರೆ ಕಳ್ಳನಂತೆ ದಂಡ್ಯನೆಂದೂ ಬಗೆಮಾಡುತ್ತಾನೆ. ಹೊಲದೊಡೆಯನ ಹೊಣೆಯನ್ನೂ ಮನುವು ಬಿಟ್ಟಿಲ್ಲ: ಬೇಲಿಯನ್ನು ಒಂಟೆ ಇಣಿಕದಷ್ಟು ಎತ್ತರವಾಗಿ ಕಟ್ಟಬೇಕು, ನಾಯಿಹಂದಿಗಳು ಮೋರೆ ತೂರಿಸುವ ಕಂಡಿಗಳನ್ನು ಮುಚ್ಚಬೇಕು. ಒಂಟೆಯನ್ನು ಜಾತ್ರೆಯಲ್ಲಿ ಮಾತ್ರ ಕಂಡ ಈ ನಾಡಿಗೆ ಆ ಅಳತೆ ವಿಚಿತ್ರವಾಗಿ ತೋರುವುದು. ಮರುಭೂಮಿಯ ಅಂಚಿನ ರೈತನ ಅನುಭವವು ಅದರಲ್ಲಿ ಅಡಗಿರಬಹುದು.

ಪಥಿಕನ ಆಚಾರವನ್ನು ಕುರಿತ ವಚನಗಳಂತೂ ಇಂದಿನ ಕೊಳ್ಳದ ಯಾತ್ರಿಕರಿಗಾಗಿಯೇ ಹೇಳಿದಂತಿವೆ. ದಾರಿಯಲ್ಲಿ, ಉತ್ತ ಹೊಲದಲ್ಲಿ, ನೀರಿನಲ್ಲಿ, ಬೆಟ್ಟದ ಮೇಲೆ, ಜೀರ್ಣದೇವಾಲಯದಲ್ಲಿ, ಪ್ರಾಣಿಗಳು ವಾಸಿಸುವ ಬಿಲಗಳಲ್ಲಿ ಮಲಮೂತ್ರವಿಸರ್ಜನೆ ನಿಷಿದ್ಧ. ಜೀರ್ಣದೇವಾಲಯವನ್ನು ಹೆಸರಿಸಿ ಹೇಳಿದುದನ್ನು ವಾಚಕರು ಲಕ್ಷಿಸಬೇಕು. ಪೂಜೆ ನಿಂತ ಗುಡಿಗೂ ಮರ್ಯಾದೆ ನಿಂತಿಲ್ಲ. ಇಕ್ಕಟ್ಟಾದ ಹಾದಿಯಲ್ಲಿ ವೃದ್ಧನಿಗೆ, ಹೊರೆಹೊತ್ತವನಿಗೆ, ಸ್ತ್ರೀಗೆ, ರೋಗಿಗೆ, ಮದುಮಗನಿಗೆ, ಬಂಡಿಗೆ ದಾರಿ ಬಿಡಬೇಕೆಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ಅರಸನೂ ಸ್ನಾತಕನೂ ಅದೇ ಪಟ್ಟಿಯಲ್ಲಿದ್ದಾರೆ. ಮೇವಿನ ಹೊರೆ ಹೊತ್ತ ಹೆಣ್ಣುಮಗಳಿಗೂ ಅರಸನಿಗೂ ಒಂದೇ ಸಾಲಿನಲ್ಲಿ ದಾರಿ.

ಆದರೆ ಹಾದಿಯಿದೆಯೋ ಇಲ್ಲವೋ ಎಂಬುದೇ ವಿವಾದವಾದಾಗ ಗತಿಯೇನು? ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬–೧೧೨೬) ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದನು. ಇದು ದೇಗಾಂವದ ದತ್ತಿಗಿಂತ ಅರ್ಧ ಶತಮಾನಕ್ಕೂ ಮಿಗಿಲಾಗಿ ಹಿಂದಿನದಿರಬಹುದು, ಇಲ್ಲವೆ ಸರಿಸುಮಾರು ಅಷ್ಟೇ ಹಿಂದಿನದು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ಸೀಮಾವಿವಾದಪ್ರಕರಣದಲ್ಲಿ ಗಡಿಯ ಗುರುತುಗಳಾಗಿ ಮರ, ಹುತ್ತ, ಸೇತು, ಇದ್ದಿಲು, ಹೊಟ್ಟು, ಎಲುಬು, ಚೈತ್ಯಗಳೊಡನೆ ನಿಮ್ನವೂ ಪರಿಗಣಿತವಾಗಿದೆ. ನಿಮ್ನವೆಂದರೆ ತಗ್ಗು, ಕೊಳ್ಳವೂ ಅದರೊಳಗೆ ಬರುವುದು. ಆ ಗುರುತುಗಳನ್ನು ತೋರಿಸತಕ್ಕವರು ಯಾರೆಂದರೆ, ಸುತ್ತಲ ಊರುಗಳವರು, ವೃದ್ಧರು, ದನಕಾಯುವವರು, ಗಡಿಯಲ್ಲಿ ಉಳುವವರು, ಕಾಡಿನಲ್ಲಿ ಓಡಾಡುವವರೆಲ್ಲರು. ಮನುವು ಇನ್ನೂ ಬಿಡಿಸಿ ಬೇಡರನ್ನೂ, ಹಕ್ಕಿ ಹಿಡಿಯುವವರನ್ನೂ, ಬೇರು ಅಗೆಯುವವರನ್ನೂ, ಹಾವು ಹಿಡಿಯುವವರನ್ನೂ, ತೆನೆ ಆಯುವವರನ್ನೂ ಹೇಳುತ್ತಾನೆ. ಸಾಕ್ಷಿಗಳು ಕೆಂಪು ಮಾಲೆ, ಕೆಂಪು ವಸ್ತ್ರ ಧರಿಸಿ, ತಲೆಯ ಮೇಲೆ ಮಣ್ಣು ಹೊತ್ತು ಗಡಿಯನ್ನು ನಡೆದು ತೋರಿಸಬೇಕು. ಬೇರೆ ಪ್ರಸಂಗಗಳಲ್ಲಿ ಯಾರನ್ನು ಸಾಕ್ಷಿಗೆ ಕರೆಯಲು ಧರ್ಮಶಾಸ್ತ್ರವು ಹಿಂಜರಿಯುವುದೋ, ನೆಲದ ಪ್ರಸಂಗದಲ್ಲಿ ಅವರ ಕಾಲಿಗೇ ಪ್ರಾಮಾಣ್ಯ. ಓಲೆಯಲ್ಲಿ ಇಲ್ಲದ ಹಾದಿಯನ್ನು ಬಲ್ಲವರು ಅವರೊಬ್ಬರೇ.

ಇಂಗ್ಲಿಷರ ಆಳಿಕೆಯಲ್ಲಿ ಗೋಲ್ಡ್‌ಸ್ಮಿಡ್ ವಿಂಗೇಟರ ಪದ್ಧತಿಯಂತೆ ಮೋಜಣಿಯಾಗಿ ಪ್ರತಿಯೊಂದು ಹೊಲಕ್ಕೂ ನಂಬರು ಬಿತ್ತು, ಮೂಲೆಗೆ ಕಲ್ಲು ಬಿತ್ತು. ಗ್ರಾಮದ ನಕಾಶೆಯಲ್ಲಿ ಕೆಲವು ಕಾಲುದಾರಿಗಳೂ ಬಂಡಿದಾರಿಗಳೂ ಚುಕ್ಕೆಯ ಗೆರೆಗಳಾಗಿ ಉಳಿದುವು. ಗೆರೆ ಬೀಳದ ದಾರಿಗಳು ನೆನಪಿನಲ್ಲಿ ಮಾತ್ರ ಉಳಿದುವು. ೧೮೮೨ರ ಸೌಕರ್ಯಾಧಿಕಾರದ ಶಾಸನವು ಇಪ್ಪತ್ತು ವರ್ಷ ಬಹಿರಂಗವಾಗಿ, ಶಾಂತವಾಗಿ, ಅಖಂಡವಾಗಿ, ಹಕ್ಕೆಂದು ನಡೆದ ಹಾದಿಗೆ ಹಕ್ಕನ್ನು ಒಪ್ಪುತ್ತದೆ. ಊರಿನ ರೂಢಿಯಿಂದ ಬಂದುದನ್ನೂ ಒಪ್ಪುತ್ತದೆ. ಆದರೆ ಒಡೆಯನ ಅನುಮತಿಯಿಂದ ನಡೆದುದು ಎಷ್ಟು ವರ್ಷ ಕಳೆದರೂ ಹಕ್ಕಾಗದು. ಇಲ್ಲಿ ಒಂದು ವಿಪರ್ಯಾಸವಿದೆ. ನ್ಯಾಯಾಲಯದಲ್ಲಿ ಗೆಲ್ಲಬೇಕಾದವನು ಕೇಳದೆಯೇ ನಡೆದೆನೆಂದು ಹೇಳಬೇಕು. ಹೊಲದಲ್ಲಿ ಗೆಲ್ಲಬೇಕಾದವನು ಕೇಳಿಯೇ ನಡೆಯಬೇಕು. ಊರವರಿಗೆ ಮೊದಲನೆಯದು ಒಪ್ಪುವುದು, ಏಕೆಂದರೆ ಹಾದಿ ಅವರದೇ. ದೂರದಿಂದ ಬಂದವನಿಗೆ ಎರಡನೆಯದಲ್ಲದೆ ಬೇರೆ ಬಲವಿಲ್ಲ. ದಂಡಸಂಹಿತೆಯು, ೨೦೨೪ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ ೩೨೯ನೆಯ ಕಲಮೂ ಸೇರಿ, ಅಪರಾಧಮಾಡುವ, ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶವಿದ್ದಾಗ ಮಾತ್ರ ಪರಭೂಮಿಪ್ರವೇಶವನ್ನು ಅಪರಾಧವೆನ್ನುತ್ತದೆ. ಅಪರಾಧವಲ್ಲದ ಮಾತ್ರಕ್ಕೆ ಹಕ್ಕಾಯಿತೆಂದು ತಿಳಿಯುವುದು ತರ್ಕದೋಷ.

ಪರದೇಶಗಳಲ್ಲಿಯೂ ಈ ಪ್ರಶ್ನೆ ಏಕರೂಪವಾಗಿ ಬಗೆಹರಿದಿಲ್ಲ. ಇಂಗ್ಲೆಂಡಿನಲ್ಲಿ ೧೯೩೨ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟದ ಬಯಲಿಗೆ ನೂರಾರು ಕೂಲಿಕಾರರು ಒಡೆಯರ ಕಾವಲನ್ನು ಲೆಕ್ಕಿಸದೆ ನುಗ್ಗಿದರು; ಕೆಲವರು ಸೆರೆಮನೆ ಕಂಡರು; ೧೯೪೯ರಲ್ಲಿ ಅದರ ಕುರಿತು ಶಾಸನವಾಯಿತು. ಅಮೇರಿಕೆಯ ಮರುಭೂಮಿಯಲ್ಲಿ ಆಂಟಿಲೋಪ್ ಎಂಬ ಪ್ರಸಿದ್ಧ ಕೊಳ್ಳವು ನವಾಹೊ ಜನರ ಭೂಮಿಯಲ್ಲಿದ್ದು, ಅವರ ಕಡೆಯ ಮಾರ್ಗದರ್ಶಕನಿಲ್ಲದೆ ಅನ್ಯರಿಗೆ ಪ್ರವೇಶವಿಲ್ಲ. ಮನುವು ಹೇಳಿದ ವನಚರಸಾಕ್ಷಿಗೆ ಈ ಎರಡನೆಯದು ಹತ್ತಿರವಾದುದು.

ಬೈಲಹೊಂಗಲ, ಸವದತ್ತಿಗಳ ರೈತನು ಸ್ವಭಾವತಃ ಹಾದಿ ಮುಚ್ಚುವವನಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣಬಡಿಸುವ ನಾಡು ಇದು. ಜೋಳ ಹಾಲುಗಾಳಾದಾಗ ಸೀತನಿ ತಿನ್ನಲು ಗುರುತಿಲ್ಲದವರಿಗೂ ಕರೆಯುಂಟು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಬಂಡಿಗಳಿಗೆ ಹಿಂಗಾರಿಯ ಪೈರು ನಿಂತಿರುವಾಗಲೂ ದಾರಿ ದೊರೆಯುತ್ತ ಬಂದಿದೆ. ಅವನ ಮನಸ್ಸು ಕೆಡುವುದು ಸಣ್ಣ ಸಂಗತಿಗಳಿಂದ. ಸರಿಸಿದ ಮುಳ್ಳುಕಂಟಿಯನ್ನು ತಿರುಗಿ ಎಳೆಯದೆ ಹೋದರೆ ರಾತ್ರಿ ದನ ನುಗ್ಗುತ್ತದೆ. ಕಣದಲ್ಲಿ ಕೆರವು ಮೆಟ್ಟಿ ನಡೆದರೆ ವರ್ಷದ ಅನ್ನಕ್ಕೆ ಅಪಚಾರ. ಕೊಳ್ಳದ ನೀರಿನಲ್ಲಿ ಒಡೆದ ಸೀಸೆಯ ಚೂರು ಬಿದ್ದರೆ ಕುರಿಯ ಕಾಲಿಗೆ ನೆತ್ತರು. ಎರೆನೆಲದ ಕೆಸರಿಗೆ ಅಂಜಿ ಹಾದಿ ಬಿಟ್ಟು ಮಗ್ಗುಲಿಗೆ ತುಳಿದರೆ, ಹತ್ತು ಜನ ನಡೆದ ಮೇಲೆ ಹಾದಿ ಹೊಲದೊಳಕ್ಕೆ ಒಂದು ಸಾಲು ಸರಿಯುತ್ತದೆ. ಮುಂದಿನ ವರ್ಷ ರೈತನು ಎರಡು ಸಾಲು ಹಿಂದಕ್ಕೆ ಉಳುತ್ತಾನೆ. ಹೀಗೆ ಎರಡು ಮೊಳದ ಬಟ್ಟೆ ಒಂದು ಮೊಳವಾಗಿ, ಕಡೆಗೆ ತಂತಿಬೇಲಿ ಬಂದು ಇಲ್ಲವಾಗುತ್ತದೆ. ಆಗ ನೋಟಕ್ಕೆ ಬಂದವನು ಬೇರೆ ಕೊಳ್ಳವನ್ನು ಹುಡುಕಿಕೊಳ್ಳುವನು. ಕುರಿಗಾರನಿಗೂ ಸೋಮವಾರ ಎಣ್ಣೆಬತ್ತಿ ಒಯ್ಯುವ ಮುದುಕಿಗೂ ಬೇರೆ ಹಾದಿಯಿಲ್ಲ.

ಇತಿಹಾಸಶೋಧಕರೂ ಇದರಿಂದ ಹೊರಗಿನವರಲ್ಲ. ಶಾಸನಗಳೂ ವೀರಗಲ್ಲುಗಳೂ ಎಷ್ಟೋ ಕಡೆಗಳಲ್ಲಿ ಖಾಸಗಿ ಹೊಲದ ಬದುವಿನಲ್ಲಿಯೇ ನಿಂತಿವೆ. ಅಚ್ಚು ತೆಗೆಯಲು ಬಂದವರು ಕಲ್ಲಿನ ಸುತ್ತಲ ಬೆಳೆಯನ್ನು ತುಳಿದು, ಅಡಿಯ ಮಣ್ಣನ್ನು ಕೆದರಿ, ಹೊಲದೊಡೆಯನಿಗೆ ಒಂದು ಮಾತೂ ಹೇಳದೆ ಮರಳಿದರೆ, ಕಲ್ಲಿನ ಕೆಳಗೆ ನಿಧಿಯಿರಬೇಕೆಂಬ ಶಂಕೆ ಹುಟ್ಟಲು ಅಷ್ಟೇ ಸಾಕು; ಆಮೇಲೆ ಕಲ್ಲು ಉಳಿಯುವುದಿಲ್ಲ. ಓದಿದುದನ್ನು ಅಲ್ಲಿಯೇ ಬದುವಿನ ಮೇಲೆ ಕುಳಿತು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿದ ಕಡೆಗಳಲ್ಲಿ ಕಲ್ಲಿಗೆ ಕಾವಲುಗಾರನು ದೊರೆತಂತಾಗುವುದು. ಶಾಸನದಲ್ಲಿ ಹೇಳಿದ ಹೆಬ್ಬಟ್ಟೆ ಇಂದಿನ ಯಾವ ದಾರಿಯೆಂಬುದನ್ನು ತೋರಿಸಬಲ್ಲವನೂ ಅವನೇ.

ಮಳೆಗಾಲದಲ್ಲಿ ಈ ಹಾದಿಗಳು ಹುಲ್ಲಿನಲ್ಲಿ ಹೂತು ಕಾಣದಾಗುತ್ತವೆ. ಜೋಳದ ಸುಗ್ಗಿ ಮುಗಿದು ಕೊಯ್ದ ಹೊಲಗಳಿಗೆ ಕುರಿಗಳನ್ನು ಬಿಟ್ಟ ಮೇಲೆ, ಮೊದಲ ಹಿಂಡು ನೀರಿಗೆಂದು ಕೊಳ್ಳದ ಕಡೆ ಇಳಿಯುವಾಗ, ಅದರ ಹಿಂದೆ ಎರಡು ಮೊಳದಷ್ಟು ಅಗಲದ ಗೆರೆಯೊಂದು ಮತ್ತೆ ಮೂಡುತ್ತದೆ.