ಶಾಸನದಲ್ಲಿ ಹೆಸರಿಲ್ಲದ ಸೇವಾಕರ್ತರು

ಕಾರ್ಕಳದ ಬೆಟ್ಟದ ಮೇಲೆ ವಿರಾಜಮಾನನಾಗಿರುವ ಭಗವಾನ್ ಬಾಹುಬಲಿಯ ಮಗ್ಗುಲಲ್ಲಿ ಕೊರೆದಿರುವ ಶಾಸನವು ಬಹಳ ಅಚ್ಚುಕಟ್ಟಾದುದು. ಶಕ ವರ್ಷ 1353, ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ, ಎಂದರೆ ಕ್ರಿ.ಶ. 1432ನೆಯ ಇಸವಿ ಫೆಬ್ರವರಿ 13ರಂದು, ಭೈರವೇಂದ್ರನ ಕುಮಾರನಾದ ವೀರಪಾಂಡ್ಯನು ಲಲಿತಕೀರ್ತಿ ಮುನೀಂದ್ರರ ಉಪದೇಶದಂತೆ ಈ ಬಿಂಬವನ್ನು ಮಾಡಿಸಿ ಪ್ರತಿಷ್ಠಾಪಿಸಿದನೆಂದು ಅದರಿಂದ ತಿಳಿದುಬರುತ್ತದೆ. ಅರಸನ ಹೆಸರಿದೆ, ವಂಶವಿದೆ, ಗುರುಗಳ ಹೆಸರಿದೆ, ತಿಥಿ ವಾರಗಳೂ ಇವೆ. ಕಲ್ಲನ್ನು ಕೆತ್ತಿದವನ ಹೆಸರಿಲ್ಲ. ಎಳೆದು ತಂದವರ ಹೆಸರಿಲ್ಲ. ಅಷ್ಟು ಜನ ಕೂಡಿದಲ್ಲಿ ನೀರು ಹೊತ್ತವರ, ಅನ್ನ ಬಡಿಸಿದವರ ಮಾತಂತೂ ದೂರವೇ ಉಳಿಯಿತು. ಶಾಸನದ ಕ್ರಮವೇ ಅದಾದುದರಿಂದ ಬರೆಸಿದವರನ್ನು ದೂಷಿಸಲು ಕಾರಣವಿಲ್ಲ. ಆದರೆ ಸುಮಾರು 42 ಅಡಿ ಎತ್ತರದ ಏಕಶಿಲೆಯು ಅರಸನ ಸಂಕಲ್ಪಮಾತ್ರದಿಂದ ಬೆಟ್ಟವನ್ನು ಏರಲಾರದೆಂಬುದು ಭಾರದ ಸಾಮಾನು ಸಾಗಿಸಿ ಬಲ್ಲ ಯಾರಿಗೂ ಗೊತ್ತಿರುವ ವಿಷಯ.

ಶಾಸನ ಬಿಟ್ಟುದನ್ನು ಐತಿಹ್ಯವು ಸ್ವಲ್ಪಮಟ್ಟಿಗೆ ತುಂಬಿಕೊಟ್ಟಿದೆ. ಇಪ್ಪತ್ತು ಬಂಡಿಗಳನ್ನು ಜೋಡಿಸಿ, ಗಾಲಿಗಳಿಗೆ ಸಹಸ್ರಾರು ತೆಂಗಿನಕಾಯಿಗಳನ್ನು ಒಡೆದು, ಜನರೇ ಕೈಹಚ್ಚಿ ಬಿಂಬವನ್ನು ಮೇಲಕ್ಕೆ ಸಾಗಿಸಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹದಿನೇಳನೆಯ ಶತಮಾನದ ಚಂದ್ರಮ ಕವಿಯು ಸಾಂಗತ್ಯದಲ್ಲಿ ರಚಿಸಿದ ಗೊಮ್ಮಟೇಶ್ವರ ಚರಿತೆಯು ಈ ಬಿಂಬದ ಕಥೆಯನ್ನೂ 1646ನೆಯ ಇಸವಿಯ ಮಸ್ತಕಾಭಿಷೇಕವನ್ನೂ ಕುರಿತದ್ದು. ಬಂಡಿ ಕಾಯಿಗಳ ಲೆಕ್ಕವು ಬಾಯಿಂದ ಬಾಯಿಗೆ ಬರುವಾಗ ಬೆಳೆದಿರಬಹುದು. ಊರೇ ನಿಂತು ಎಳೆಯಿತೆಂಬ ಮಾತಿನಲ್ಲಿ ಮಾತ್ರ ಅತಿಶಯೋಕ್ತಿ ಕಾಣುವುದಿಲ್ಲ.

ತುಳುನಾಡಿನ ಬಸದಿಗಳೆಲ್ಲ ಅರಸರ ಕೃತಿಗಳೇ ಎಂಬ ಭಾವನೆ ನಮ್ಮವರಲ್ಲಿಯೂ ಬೇರೂರಿದೆ. ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯನ್ನು, ಎಂದರೆ 1430ರ ಸುಮಾರಿನಲ್ಲಿ ಎದ್ದು ನಿಂತ ಸಾವಿರ ಕಂಬದ ಬಸದಿಯನ್ನು ನೋಡಿದರೆ ಆ ಭಾವನೆ ತಿದ್ದಿಕೊಳ್ಳುತ್ತದೆ. ಅಲ್ಲಿ ಆಳರಸರ ಬೆಂಬಲದೊಡನೆ ಸೆಟ್ಟಿಗಳ, ಎಂದರೆ ಊರ ವರ್ತಕ ಸಮುದಾಯದ, ಕೂಡುದುಡಿಮೆಯಿತ್ತು. ಕರಾವಳಿಯ ಶಾಸನಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ‘ಸೆಟ್ಟಿಕಾರರು’, ‘ಹಲರು’ ಎಂಬ ಸಂಘಗಳು ಇಂದಿನ ಭಾಷೆಯಲ್ಲಿ ಹೇಳುವುದಾದರೆ ಊರಿನ ಸಮಿತಿಗಳೇ ಸರಿ. ‘ಹಲರು’ ಎಂಬ ಹೆಸರೇ ಎಷ್ಟು ಸೊಗಸಾದುದು! ಒಬ್ಬನ ಹೆಸರನ್ನು ಮುಂದಿಡದೆ, ಹಲವರು ಸೇರಿ ಮಾಡಿದೆವೆಂದಷ್ಟೇ ಹೇಳಿಕೊಂಡವರು ಅವರು.

ಶಿರ್ವದ ನೆರೆಯ ಕಾಪುವಿನಲ್ಲಿ ದೊರೆತಿರುವ 1556ನೆಯ ಇಸವಿಯ ತಾಮ್ರಶಾಸನವು ಈ ಸಂದರ್ಭದಲ್ಲಿ ವಿಶೇಷವಾಗಿ ಸ್ಮರಣೀಯ. ಅಲ್ಲಿಯ ಧರ್ಮನಾಥ ತೀರ್ಥಂಕರರ ಬಸದಿಗೆ ಮದ್ದ ಹೆಗ್ಗಡೆಯು ಬಿಟ್ಟ ಭೂದಾನವನ್ನು ಅದು ದಾಖಲಿಸುತ್ತದೆ. ದಾನಕ್ಕಿಂತಲೂ ಅದರ ಕೊನೆಯಲ್ಲಿರುವ ಶಾಪವಾಕ್ಯ ಗಮನಾರ್ಹ. ಈ ಧರ್ಮವನ್ನು ಕೆಡಿಸಿದವನು ಜೈನನಾದರೆ ಬೆಳ್ಗುಳದ ಗೊಮ್ಮಟನಾಥ, ಕೊಪಣದ ಚಂದ್ರನಾಥ, ಊರ್ಜಯಂತಗಿರಿಯ ನೇಮಿನಾಥ ಬಿಂಬಗಳನ್ನು ಒಡೆದ ಪಾಪಕ್ಕೆ ಗುರಿಯಾಗುವನೆಂದು ಹೇಳಿ ಅಷ್ಟಕ್ಕೇ ನಿಲ್ಲದೆ, ಶೈವನಾದರೆ ಶೈವಕ್ಷೇತ್ರಗಳನ್ನು, ವೈಷ್ಣವನಾದರೆ ವೈಷ್ಣವಕ್ಷೇತ್ರಗಳನ್ನು ಕೆಡಿಸಿದ ಪಾಪವು ಬರುವುದೆಂದು ಹೇಳಿದೆ. ಶಾಪದ ಮಾತಾದರೂ ಅದರೊಳಗಿನ ವಿಶ್ವಾಸ ದೊಡ್ಡದು. ಜೈನ ಬಸದಿಯೊಂದರ ರಕ್ಷಣೆಯ ಹೊಣೆಯನ್ನು ಸರ್ವಮತದವರ ಮೇಲೆಯೂ ಹೊರಿಸಿ ಬರೆದಿಡಬೇಕಾದರೆ, ಆ ಸೀಮೆಯಲ್ಲಿ ಆಗಲೇ ಎಲ್ಲರೂ ಅದನ್ನು ತಮ್ಮೂರಿನದೆಂದು ಬಗೆದಿದ್ದಿರಬೇಕು. ಇಂದಿಗೂ ಉತ್ಸವದ ದಿನಗಳಲ್ಲಿ ಹಳ್ಳಿಹಳ್ಳಿಗಳಿಂದ ಹೊರೆಕಾಣಿಕೆಯ ಮೆರವಣಿಗೆಗಳು ತೆಂಗಿನಕಾಯಿ, ಅಕ್ಕಿ, ಬಾಳೆಗೊನೆ, ಸೌತೆ, ಕುಂಬಳಗಳನ್ನು ಹೊತ್ತು ಬರುವಾಗ, ಅದು ಯಾರ ತೋಟದ ಕಾಯಿ ಎಂದು ಉಗ್ರಾಣದ ಬಾಗಿಲಲ್ಲಿ ಯಾರೂ ವಿಚಾರಿಸುವುದಿಲ್ಲ.

ಈ ಸಹಕಾರದ ಅತ್ಯಂತ ಉಜ್ವಲವಾದ ನಿದರ್ಶನವು 1973ನೆಯ ಇಸವಿಯದು. ಧರ್ಮಸ್ಥಳದಲ್ಲಿ ಬಾಹುಬಲಿ ಬಿಂಬವನ್ನು ಸ್ಥಾಪಿಸಬೇಕೆಂಬುದು ದಿವಂಗತ ಶ್ರೀ ಡಿ. ರತ್ನವರ್ಮ ಹೆಗ್ಗಡೆಯವರ ಸಂಕಲ್ಪವಾಗಿತ್ತು. 1968ರಲ್ಲಿ ಅವರು ಅಗಲಿದ ಬಳಿಕ ಧರ್ಮಾಧಿಕಾರಿಗಳಾದ ಶ್ರೀ ಡಿ. ವೀರೇಂದ್ರ ಹೆಗ್ಗಡೆಯವರು ತಂದೆಯವರ ಕಾರ್ಯವನ್ನು ಮುಂದುವರಿಸಿದರು. 39 ಅಡಿಯ ಈ ಬಿಂಬವನ್ನು ಕಾರ್ಕಳದಲ್ಲಿಯೇ ಕೆತ್ತಿದವರು ಶಿಲ್ಪಿ ಶ್ರೀ ರೆಂಜಾಳ ಗೋಪಾಲಕೃಷ್ಣ ಶೆಣೈಯವರು. ಅವರು ಗೌಡ ಸಾರಸ್ವತ ಸಮಾಜದವರು. ವೃದ್ಧಾಪ್ಯದಲ್ಲಿ ಉಳಿ ಹಿಡಿದು ವೀತರಾಗನ ಮುಖಮುದ್ರೆಯನ್ನು ಕಲ್ಲಿನಿಂದ ಹೊರತೆಗೆದರು. 1432ರ ಶಿಲ್ಪಿಗೆ ದಕ್ಕದ ನಾಮಸ್ಮರಣೆಯು ಇವರಿಗೆ ದಕ್ಕಿತೆಂಬುದು ಸಮಾಧಾನಕರ. ಅವರ ಕೈಕೆಳಗೆ ದುಡಿದ ಕೆಲಸಗಾರರ ಹೆಸರುಗಳು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ.

ಬಿಂಬ ಸಿದ್ಧವಾಯಿತು, ಸಾಗಿಸುವುದೇ ಸಮಸ್ಯೆಯಾಯಿತು. ಬಂಡಿಗಳ ಕಾಲ ಹೋಗಿ ಟ್ರೇಲರಿನ ಕಾಲ ಬಂದಿತ್ತಾದರೂ, ನೂರಾರು ಟನ್ ಭಾರವನ್ನು ತಡೆದುಕೊಳ್ಳುವ ರಸ್ತೆ ಸೇತುವೆಗಳು ಈ ಸೀಮೆಯಲ್ಲಿರಲಿಲ್ಲ. ಮುಂಬಯಿಯಿಂದ ಅನೇಕ ಚಕ್ರಗಳುಳ್ಳ ವಾಹನ ಬಂದಿತು. ದಾರಿಯನ್ನು ಅಣಿಗೊಳಿಸಬೇಕಾಯಿತು. ಬಿಂಬವು ಮಲಗಿದ ಭಂಗಿಯಲ್ಲಿ ಮೆಲ್ಲಮೆಲ್ಲನೆ ಸಾಗುವಾಗ ದಾರಿಯುದ್ದಕ್ಕೂ ಊರವರು ಮಾಲೆ ಆರತಿಗಳೊಡನೆ ಕಾದು ನಿಂತರು. ಶಿಲೆಯನ್ನು ಎಳೆದುದು ಯಂತ್ರವೆಂಬುದು ನಿಜ. ಆದರೆ ದಾರಿಯ ಊರುಗಳವರು ತಮ್ಮ ಮನೆಯ ಮುಂದಿನ ಹಾದಿಯಷ್ಟು ದೂರ ಅದನ್ನು ತಾವೇ ಕಳುಹಿಸಿಕೊಟ್ಟೆವೆಂದು ಬಗೆದರೆ ಅದು ಸುಳ್ಳಲ್ಲ. ಬಿಂಬವು 1975ರಲ್ಲಿ ಧರ್ಮಸ್ಥಳದ ರತ್ನಗಿರಿಯ ಮೇಲೆ ನಿಂತಿತು. 1982ನೆಯ ಇಸವಿ ಫೆಬ್ರವರಿಯಲ್ಲಿ ಪ್ರತಿಷ್ಠಾಪನೆ ನೆರವೇರಿತು.

ಈ ಪ್ರತಿಷ್ಠೆಯಿಂದ ಜಿಲ್ಲೆಯ ಶ್ರಾವಕ ಸಮಾಜಕ್ಕೆ ಇನ್ನೊಂದು ಲಾಭವೂ ಆಯಿತು. ಅದನ್ನು ಯಾರೂ ಅಷ್ಟಾಗಿ ಎಣಿಸಿದಂತಿಲ್ಲ. ಕಾರ್ಕಳ, 1604ರಲ್ಲಿ ತಿಮ್ಮಣ್ಣ ಅಜಿಲನು ಪ್ರತಿಷ್ಠೆ ಮಾಡಿಸಿದ ವೇಣೂರು, ಅವುಗಳ ಜೊತೆಗೆ ಧರ್ಮಸ್ಥಳ, ಹೀಗೆ ಮೂರು ಕ್ಷೇತ್ರಗಳಾದವು. ಒಂದೊಂದು ಕ್ಷೇತ್ರದಲ್ಲಿ ಸುಮಾರು ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕ. ಹನ್ನೆರಡು ವರ್ಷ ಎಂದರೆ ಬಹಳ ದೀರ್ಘವಾದ ಕಾಲ. ಕಳೆದ ಸಲ ಅಟ್ಟಳಿಗೆ ಕಟ್ಟಿಸಿದ ಹಿರಿಯರು ಮುಂದಿನ ಸಲಕ್ಕೆ ಇರುತ್ತಾರೆಂಬ ಭರವಸೆಯಿಲ್ಲ. ಓಡಾಡಿದ ಹುಡುಗರು ಮುಂಬಯಿ ಸೇರಿರುತ್ತಾರೆ. ಆದರೆ ಮೂರು ಕ್ಷೇತ್ರಗಳ ಲೆಕ್ಕವನ್ನು ಕೂಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಧರ್ಮಸ್ಥಳ 1995, ವೇಣೂರು 2000, ಕಾರ್ಕಳ 2002, ಮತ್ತೆ ಧರ್ಮಸ್ಥಳ 2007, ವೇಣೂರು 2012, ಕಾರ್ಕಳ 2015, ಧರ್ಮಸ್ಥಳ 2019, ವೇಣೂರು 2024. ಎಲ್ಲಿಯೂ ಐದು ವರ್ಷಗಳಿಗಿಂತ ಹೆಚ್ಚಿನ ಅಂತರವಿಲ್ಲ. ಒಂದು ಕ್ಷೇತ್ರದಲ್ಲಿ ಕಲಿತುದನ್ನು ಮರೆಯುವುದರೊಳಗೆ ಇನ್ನೊಂದು ಕ್ಷೇತ್ರದಿಂದ ಕರೆ ಬರುತ್ತದೆ. ಸೇವೆಯ ವಿದ್ಯೆಯು ನಮ್ಮ ಸೀಮೆಯಲ್ಲಿ ಕೈಯಿಂದ ಕೈಗೆ ದಾಟುತ್ತಿರುವುದು ಹೀಗೆ.

ಅದು ವಿದ್ಯೆಯೇ ಹೌದು. ಪಂಚಕಲ್ಯಾಣದ ಐದು ದಿನಗಳ ಅಡುಗೆಯನ್ನೇ ನೋಡಬಹುದು. ನೀರನ್ನು ಬಟ್ಟೆಯಿಂದ ಸೋಸಬೇಕು. ಗೆಡ್ಡೆ ಗೆಣಸುಗಳಿಲ್ಲದೆ ಪಾಕವಾಗಬೇಕು. ಸೂರ್ಯಾಸ್ತಕ್ಕೆ ಮುನ್ನ ಕೊನೆಯ ಪಂಕ್ತಿ ಏಳಬೇಕು. ಸಭಾಕಾರ್ಯಕ್ರಮವು ಒಂದು ಗಂಟೆ ತಡವಾದರೆ ಭಾಷಣಕಾರರಿಗೆ ಏನೂ ಬಾಧೆಯಿಲ್ಲ, ಬಡಿಸುವವರಿಗೆ ಪ್ರಾಣಸಂಕಟ. ಬೆಟ್ಟದ ಮೇಲೆ ಅಟ್ಟಳಿಗೆಯ ಮೆಟ್ಟಿಲುಗಳಲ್ಲಿ ನಿಂತವರ ಪಾಡು ಇನ್ನೂ ಕಠಿನ. ಜಲ, ಎಳನೀರು, ಕಬ್ಬಿನ ರಸ, ಕ್ಷೀರ, ಅಕ್ಕಿಹಿಟ್ಟು, ಅರಸಿನ, ಕಷಾಯ, ಶ್ರೀಗಂಧ ಎಂದು ಒಂದೊಂದು ದ್ರವ್ಯವೂ ತನ್ನ ಸರದಿಗೆ ತಪ್ಪದೆ ಶಿಖರ ಮುಟ್ಟಬೇಕು. ಕೆಳಗೆ ನಿಂತ ಜನಸ್ತೋಮಕ್ಕೆ ಕಾಣುವುದು ಬಿಂಬದ ಮೈಮೇಲೆ ಇಳಿಯುವ ಹಾಲಿನ ಧಾರೆ ಮಾತ್ರ. ಕೊಡಗಳನ್ನು ಮೇಲೆ ದಾಟಿಸುವವರು ಎಷ್ಟೋ ಬಾರಿ ಬಿಂಬದ ಬೆನ್ನ ಹಿಂದೆಯೇ ಇದ್ದು, ತಾವೇ ಒಯ್ದ ದ್ರವ್ಯದ ಅಭಿಷೇಕವನ್ನು ಕಣ್ಣಾರೆ ಕಾಣದೆ ಇಳಿದು ಬರುತ್ತಾರೆ. ಶ್ರಾವಿಕೆಯರ ಸೇವೆಯಂತೂ ಅದಕ್ಕಿಂತಲೂ ಮರೆಯಲ್ಲಿ. ಮುನಿಸಂಘದ ಆಹಾರದಾನಕ್ಕೆ ಬೆಳಗಿನಿಂದ ಮಡಿಯಲ್ಲಿ ದುಡಿಯುವವರು ಅವರೇ, ಆದರೆ ಸಂಚಿಕೆಗಳ ಭಾವಚಿತ್ರಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ.

ಸಂಚಿಕೆಗಳಲ್ಲಿ ದಾನಿಗಳ ನಾಮಾವಳಿಯನ್ನು ಮೊತ್ತಸಹಿತ ಅಚ್ಚುಮಾಡುವ ಪದ್ಧತಿ ಇದೆ, ಅದು ಯೋಗ್ಯವೇ. ಅದರ ಪಕ್ಕದಲ್ಲಿ ಪಾಕಶಾಲೆ, ಉಗ್ರಾಣ, ನೀರು, ವಸತಿ, ಅಟ್ಟಳಿಗೆ ಎಂದು ವಿಭಾಗವಾರು ದುಡಿದವರ ಹೆಸರುಗಳನ್ನೂ ಊರುಸಹಿತ ಅಚ್ಚುಮಾಡಿದರೆ ಎರಡು ಪುಟ ಹೆಚ್ಚು ಬೇಕಾದೀತು, ಅಷ್ಟೆ. ಮುಂದಿನ ಉತ್ಸವದ ಸಮಿತಿಯವರು ಮೊದಲು ಹುಡುಕುವುದು ಆ ಎರಡು ಪುಟಗಳನ್ನೇ. ಸಾವಿರ ಎಲೆಗೆ ಎಷ್ಟು ಮುಡಿ ಅಕ್ಕಿ ಹಿಡಿಯಿತು, ಎಷ್ಟು ಕಾಯಿ ಮಿಕ್ಕಿತು ಎಂಬ ಉಗ್ರಾಣದ ಲೆಕ್ಕಪುಸ್ತಕವೂ ಬಸದಿಯ ಭಂಡಾರದಲ್ಲಿ ಜೋಪಾನವಾಗಿರಬೇಕಾದ ವಸ್ತು.

ಉತ್ಸವ ಮುಗಿದ ಮರುದಿನ ಅತಿಥಿಗಳು ತೆರಳುತ್ತಾರೆ, ಚಪ್ಪರ ಬಿಚ್ಚುತ್ತಾರೆ. ಆಗಲೂ ಕೆಲವರು ಉಳಿದಿರುತ್ತಾರೆ. ಜಗಲಿಯ ಕಲ್ಲುಗಳಿಂದ ಅರಸಿನ ಗಂಧಗಳನ್ನು ತೊಳೆದು, ಎರವಲು ತಂದ ಹಂಡೆ ಕೊಪ್ಪರಿಗೆಗಳನ್ನು ಎಣಿಸಿ, ಯಾವ ಮನೆಯದು ಯಾವುದೆಂದು ಗುರುತು ನೋಡಿ ಹಿಂದಿರುಗಿಸಿ, ಕೊನೆಯ ಹಂಡೆಯೂ ಮನೆ ಸೇರಿದ ಮೇಲೆ ಅವರು ಊರಿಗೆ ಹೊರಡುತ್ತಾರೆ.