ಜಟ್ಟಿಯ ಖುರಾಕಿನಲ್ಲಿ ಸಿಹಿಯ ಪಾಲು

ಜಾತ್ರೆಯ ಕುಸ್ತಿ ಕಣದ ಸುತ್ತ ಸೇರುವ ಹಿರಿಯರಿಗೆ ಪೈಲ್ವಾನನ ಪಟ್ಟುಗಳಷ್ಟೇ ಅವನ ‘ಖುರಾಕು’ ಕೂಡ ಚರ್ಚೆಯ ವಿಷಯ. ದಿನಕ್ಕೆ ಹಾಲು ಎಷ್ಟು, ತುಪ್ಪ ಎಷ್ಟು, ಬಾದಾಮಿ ಎಷ್ಟು? ಓಟಗಾರರಿಗೂ ಪೈಲ್ವಾನರಿಗೂ ಜೇನುತುಪ್ಪ ದಿಢೀರ್ ಶಕ್ತಿ ಕೊಡುತ್ತದೆ ಎಂಬ ಮಾತೂ ಈಚೆಗೆ ಇದಕ್ಕೆ ಸೇರಿಕೊಂಡಿದೆ. ಸಿಹಿಯಿಂದ ಬಲ ಬರುತ್ತದೆಂಬ ತಿಳಿವಳಿಕೆ ಮಾತ್ರ ಬೀದರ್ ಸೀಮೆಗೆ ಹೊಸದೇನಲ್ಲ.

ಭಾಲ್ಕಿಯ ನೆರೆಯ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, 1129ರ ಸುಮಾರಿಗೆ, ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರ ನೂರು ಅಧ್ಯಾಯಗಳಲ್ಲಿ ಒಂದು ‘ಮಲ್ಲವಿನೋದ’. ವಯಸ್ಸು, ಮೈಕಟ್ಟು, ಬಲ ನೋಡಿ ಜಟ್ಟಿಗಳನ್ನು ದರ್ಜೆಗಳಾಗಿ ವಿಂಗಡಿಸುವುದರಿಂದ ಹಿಡಿದು ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮದವರೆಗೆ ಅಲ್ಲಿ ವಿವರಗಳಿವೆ. ಊಟದ ವಿಚಾರವೂ ಉಂಟು. ದ್ವಿದಳ ಧಾನ್ಯ, ಮಾಂಸ, ಹಾಲಿನ ಜೊತೆಗೆ ಸಕ್ಕರೆ ಮತ್ತು ಉತ್ತಮ ಸಿಹಿ ತಿನಿಸುಗಳನ್ನು ಜಟ್ಟಿಗಳಿಗೆ ಒದಗಿಸುವುದು ಅರಸನ ಹೊಣೆ. ಖುರಾಕು ಅರಮನೆಯ ಲೆಕ್ಕಕ್ಕೆ ಸೇರಿತ್ತೆಂಬುದು ಗಮನಿಸಬೇಕಾದ ಅಂಶ.

ಸಿಹಿ ಮನುಷ್ಯರಿಗಷ್ಟೇ ಮೀಸಲಾಗಿರಲಿಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ, 1470ರ ಆಸುಪಾಸಿನಲ್ಲಿ, ಬೀದರ್‌ಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಒಂಟಿ ಕುದುರೆಯನ್ನು ಇಲ್ಲಿಯೇ ಮಾರಿದ. ಈ ದೇಶದಲ್ಲಿ ಕುದುರೆಗಳಿಗೆ ಕಡಲೆಯನ್ನೂ, ಸಕ್ಕರೆ ಹಾಗೂ ತುಪ್ಪ ಬೆರೆಸಿ ಬೇಯಿಸಿದ ಕಿಚಡಿಯನ್ನೂ ತಿನ್ನಿಸುತ್ತಾರೆಂದು ಅವನು ಬರೆದಿದ್ದಾನೆ. ಒಂದು ವರ್ಷದ ಮೇವಿಗೆ 68 ನಾಣ್ಯ ಖರ್ಚಾಯಿತೆಂದು ಲೆಕ್ಕವನ್ನೂ ಇಟ್ಟಿದ್ದಾನೆ. ವ್ಯಾಪಾರಿಯಲ್ಲವೇ!

ವೈದ್ಯರು ಇದನ್ನು ಅಳೆದು ನೋಡಿದ್ದು ಬಹಳ ತಡವಾಗಿ. 1924ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಮುಗಿಸಿದ ಓಟಗಾರರ ರಕ್ತ ಪರೀಕ್ಷಿಸಿದಾಗ, ತೀರಾ ಬಳಲಿದವರಲ್ಲಿ ಸಕ್ಕರೆಯ ಅಂಶ ಕುಸಿದಿರುವುದು ಕಂಡಿತು. ಮರುವರ್ಷ ಓಟದ ನಡುವೆ ಮಿಠಾಯಿ ಕೊಟ್ಟಾಗ ಅವರ ಸ್ಥಿತಿ ಸುಧಾರಿಸಿತು.

ಹಾಗಾದರೆ ಜೇನಿನ ವಿಶೇಷವೇನು? ಹೂವಿನ ಮಕರಂದದಲ್ಲಿರುವ ಸಕ್ಕರೆಯನ್ನು ಜೇನುನೊಣವೇ ತನ್ನ ಕಿಣ್ವದಿಂದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಿಟ್ಟಿರುತ್ತದೆ. ಬೆಲ್ಲ ತಿಂದರೆ ಆ ಕೆಲಸವನ್ನು ನಮ್ಮ ಸಣ್ಣ ಕರುಳು ಮಾಡಬೇಕು, ಅದನ್ನೂ ಬೇಗನೆ ಮಾಡಿ ಮುಗಿಸುತ್ತದೆ. ಸೈಕಲ್ ಸವಾರರಿಗೆ 64 ಕಿಲೋಮೀಟರ್ ದೂರದ ಪರೀಕ್ಷೆ ಇಟ್ಟು ಜೇನನ್ನೂ ಗ್ಲೂಕೋಸನ್ನೂ ಹೋಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಎರಡರ ನಡುವೆ ಹೇಳಿಕೊಳ್ಳುವಂಥ ಅಂತರ ಅದರಲ್ಲಿ ಕಾಣಲಿಲ್ಲ. ಅಂತರರಾಷ್ಟ್ರೀಯ ನಿಯಮದ ಕುಸ್ತಿ ಆರೇ ನಿಮಿಷದ್ದು. ಅಷ್ಟಕ್ಕೆ ಸ್ನಾಯುಗಳಲ್ಲಿ ಕೂಡಿಟ್ಟ ಶಕ್ತಿಯೇ ಸಾಕು. ಸಿಹಿ ನೆರವಾಗುವುದು ಗರಡಿಯ ಗಂಟೆಗಟ್ಟಲೆ ಸಾಧನೆಗೆ.

ಔರಾದ್‌ನ ಅಮರೇಶ್ವರ ಜಾತ್ರೆಯಲ್ಲಿ ಜಾನುವಾರು ಪ್ರದರ್ಶನವೂ ಉಂಟು, ಕುಸ್ತಿಯೂ ಉಂಟು. ಹಾಲಿಗೂ ಉಳುಮೆಗೂ ಹೆಸರಾದ ದೇವಣಿ ತಳಿಯ ತವರು ಸೀಮೆಯಲ್ಲಿ ಔರಾದ್, ಭಾಲ್ಕಿ ಭಾಗವೂ ಸೇರಿದೆ. ಭಾಲ್ಕಿಯಲ್ಲಿ ಕಬ್ಬು ಬೆಳೆಯುತ್ತದೆ. ಖುರಾಕಿನ ಮುಖ್ಯ ಸಾಮಗ್ರಿ ಊರಿನಲ್ಲೇ ಇದೆ, ಅದನ್ನು ಒದಗಿಸುವ ಅರಮನೆ ಇಲ್ಲ. ಖರ್ಚೆಲ್ಲ ಮನೆಯವರ ಮೇಲೆ. ಒಂದು ದೊಡ್ಡ ಚಮಚ, ಅಂದರೆ 21 ಗ್ರಾಂ ಜೇನಿನಿಂದ ಸಿಗುವುದು ಸುಮಾರು 64 ಕ್ಯಾಲೊರಿ. ಅಷ್ಟೇ ತೂಕದ ಬೆಲ್ಲದಿಂದ ಸುಮಾರು 80, ಅದೂ ಕಡಿಮೆ ಬೆಲೆಗೆ.