ಕಾಡಿನ ಕಿರ್ದಿ, ಕಾಡಿನ ಖಾತೆ

ನಾನು ಲೆಕ್ಕಶಾಸ್ತ್ರದ ಅಧ್ಯಾಪಕ. ಕಾಡಿಗೂ ನನಗೂ ಏನು ನಂಟೆಂದು ಶ್ರೋತೃಗಳು ಕೇಳಿದರೆ ತಪ್ಪೇನಿಲ್ಲ. ಈಗ ಎಲ್ಲರ ನಾಲಗೆಯ ಮೇಲಿರುವ ‘ಸುಸ್ಥಿರತೆ’ಯೆಂಬ ಕಲ್ಪನೆ 1987ರ ಬ್ರುಂಟ್‌ಲಾಂಡ್ ಆಯೋಗದ ವರದಿಯಿಂದ ಹುಟ್ಟಿತೆಂದು ಅನೇಕರ ನಂಬಿಕೆ. ಇನ್ನು ಕೆಲವರು ಅದನ್ನು ಪ್ರಕೃತಿಪ್ರೇಮಿಗಳ ಕೊಡುಗೆ ಎನ್ನುತ್ತಾರೆ. ಅದರ ಬೇರನ್ನು ಅರಸುತ್ತ ಹೋದ ನಾನು ತಲಪಿದ್ದು ಮಾತ್ರ ಗಣಿಯ ಅಧಿಕಾರಿಯೊಬ್ಬನ ಬರೆವಣಿಗೆಯ ಮೇಜಿಗೆ.

ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಫ್ರೈಬರ್ಗ್ ಬೆಳ್ಳಿಯ ಗಣಿಗಳಿಗೆ ಹೆಸರಾದ ಊರು. ಗಣಿಯ ಸುರಂಗಗಳಿಗೆ ತೊಲೆ ಬೇಕು, ಅದಿರು ಕರಗಿಸುವ ಕುಲುಮೆಗಳಿಗೆ ಇದ್ದಿಲು ಬೇಕು. ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ಸುತ್ತಲ ಬೆಟ್ಟಗಳು ಬೋಳಾಗುತ್ತ ಬಂದಿದ್ದವು. ನೆಲದೊಳಗೆ ಬೆಳ್ಳಿಯಿದ್ದರೂ ಅದನ್ನು ಕರಗಿಸಲು ಸೌದೆಯಿಲ್ಲದ ಕಾಲ ಬರಲಿದೆಯೆಂದು ಅಲ್ಲಿಯ ಗಣಿ ಆಡಳಿತದ ಹಿರಿಯ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಕಳವಳಪಟ್ಟ. 1713ರಲ್ಲಿ ಲೈಪ್‌ಜಿಗ್‌ನಲ್ಲಿ ಅವನ ದೊಡ್ಡ ಗ್ರಂಥವೊಂದು ಅಚ್ಚಾಯಿತು. ಮರಗಳನ್ನು ಬಿತ್ತಿ ಬೆಳೆಸುವ ಕ್ರಮವನ್ನು ಅದರಲ್ಲಿ ವಿವರಿಸಿದ್ದಾನೆ. ಬಳಕೆ ಎಂದೂ ಮುಗಿಯದಂತೆ ಮುಂದುವರಿಯಬೇಕೆಂಬ ಅರ್ಥದಲ್ಲಿ ‘ನಾಖ್‌ಹಾಲ್ಟೆಂಡ್’ ಎಂಬ ಪದವನ್ನೂ ಬಳಸಿದ್ದಾನೆ. ಮರುವರ್ಷವೇ ತೀರಿಕೊಂಡ ಅವನಿಗೆ ಆ ಪದಕ್ಕೆ ಮುಂದೆ ಸಿಗಲಿದ್ದ ಗೌರವದ ಸುಳಿವೂ ಇರಲಾರದು.

ನಮ್ಮ ಸಾಹುಕಾರರ ಭಾಷೆಯಲ್ಲಿ ಹೇಳುವುದಾದರೆ ಅವನ ವಿಚಾರ ಇಷ್ಟೆ: ಬಡ್ಡಿಯನ್ನು ಉಣ್ಣು, ಅಸಲಿಗೆ ಕೈಹಚ್ಚಬೇಡ. ಲೆಕ್ಕ ಬಲ್ಲವನಿಗಲ್ಲದೆ ಬೇರೆಯವರಿಗೆ ಹೊಳೆಯುವ ಯೋಚನೆಯಲ್ಲ ಇದು. ನನ್ನ ವೃತ್ತಿಯವರು ಇಲ್ಲಿ ತುಸು ಹೆಮ್ಮೆಪಟ್ಟುಕೊಳ್ಳಬಹುದು. ಆದರೆ ಕಥೆ ಇಲ್ಲಿಗೆ ನಿಲ್ಲಲಿಲ್ಲ.

ಮುಂದಿನ ಶತಮಾನದಲ್ಲಿ ಈ ವಿಚಾರ ಶಾಲೆಯ ಪಾಠವಾಯಿತು. ಹೈನ್ರಿಖ್ ಕೊಟ್ಟಾ ತನ್ನ ಅರಣ್ಯ ಶಾಲೆಯನ್ನು 1811ರಲ್ಲಿ ಸ್ಯಾಕ್ಸನಿಯ ಥಾರಾಂಟಿಗೆ ತಂದ. ಐದು ವರ್ಷಗಳ ತರುವಾಯ ಅದು ರಾಜಮನ್ನಣೆಯ ವಿದ್ಯಾಪೀಠವಾಯಿತು. ಕಾಡನ್ನು ಅಳೆಯುವುದು, ಮರದ ಗಾತ್ರದಿಂದ ದಿಮ್ಮಿಯ ಪ್ರಮಾಣವನ್ನು ಕೋಷ್ಟಕದಲ್ಲಿ ಕಂಡುಕೊಳ್ಳುವುದು, ವರ್ಷಕ್ಕೆಷ್ಟು ಕಡಿಯಬಹುದೆಂದು ನಿರ್ಧರಿಸುವುದು, ಎಲ್ಲವೂ ಶಾಸ್ತ್ರವಾದವು. 1849ರಲ್ಲಿ ಮಾರ್ಟಿನ್ ಫೌಸ್ಟ್‌ಮಾನ್ ಕಾಡಿನ ನೆಲಕ್ಕೆ ಬೆಲೆ ಕಟ್ಟುವ ಸೂತ್ರವೊಂದನ್ನು ಪ್ರಕಟಿಸಿದ. ಥಾರಾಂಟಿನಲ್ಲೇ ಕಲಿಸುತ್ತಿದ್ದ ಪ್ರೆಸ್ಲರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನೆಲದಿಂದ ಬರುವ ನಿವ್ವಳ ಆದಾಯವೇ ಕಾಡಿನ ಒರೆಗಲ್ಲೆಂದು ವಾದಿಸಿದ.

ಇಲ್ಲಿ ಚಕ್ರಬಡ್ಡಿ ಒಳಹೊಕ್ಕಿತು. ನೂರಕ್ಕೆ ಮೂರರಂತೆ ಒಂದು ರೂಪಾಯಿ 100 ವರ್ಷದಲ್ಲಿ ಸುಮಾರು 19 ರೂಪಾಯಿಯಾಗುತ್ತದೆ. 200 ವರ್ಷದಲ್ಲಿ 369 ರೂಪಾಯಿ. ಯಾವ ಓಕ್ ಮರ ಇದರ ಜೊತೆ ಓಡಬಲ್ಲುದು? ಬೇಗ ಬೆಳೆದು, ನೆಟ್ಟಗೆ ನಿಂತು, ಸುಲಭವಾಗಿ ಮಾರಾಟವಾಗುವ ಸ್ಪ್ರೂಸ್ ಮರವೇ ಲೆಕ್ಕಕ್ಕೆ ಒಗ್ಗಿತು. ಒಂದೇ ಜಾತಿ, ಒಂದೇ ವಯಸ್ಸು, ಸಾಲುಸಾಲು. ಪೊದೆ, ಅಣಬೆ, ಹಕ್ಕಿ, ಕೊಳೆತ ಎಲೆ ಇವಕ್ಕೆ ಖಾತೆಯಲ್ಲಿ ಪುಟವಿರಲಿಲ್ಲ. ಪುಟವಿಲ್ಲದ್ದು ಕ್ರಮೇಣ ಕಾಡಿನಲ್ಲೂ ಇಲ್ಲವಾಯಿತು. ಅಂಥ ನೆಡುತೋಪು ಬಿರುಗಾಳಿಗೆ ಬೀಳುತ್ತದೆ, ತೊಗಟೆ ಕೊರೆಯುವ ಹುಳುವಿಗೆ ತುತ್ತಾಗುತ್ತದೆ. ಮ್ಯೂನಿಕ್‌ನ ಕಾರ್ಲ್ ಗಾಯರ್ 1886ರಲ್ಲೇ ಮಿಶ್ರ ಅರಣ್ಯವನ್ನು ಸಮರ್ಥಿಸಿ ಪುಸ್ತಕ ಬರೆದ. ಆ ಮಾತು ಬಹುಕಾಲ ಅನೇಕರಿಗೆ ಹಿಡಿಸಲಿಲ್ಲ. 2018ರಿಂದ ಮೊದಲಾದ ಬರದ ವರ್ಷಗಳಲ್ಲಿ ಜರ್ಮನಿಯ ಬೆಟ್ಟಬೆಟ್ಟಗಳ ಸ್ಪ್ರೂಸ್ ತೋಪುಗಳು ಒಣಗಿ ನಿಂತುದನ್ನು ಜಗತ್ತು ಕಂಡಿತು.

ಇದೇ ವಿದ್ಯೆ ನಮ್ಮಲ್ಲಿಗೂ ಬಂತು. ಬಾನ್ ನಗರದ ಸಸ್ಯಶಾಸ್ತ್ರಜ್ಞ ಡೀಟ್ರಿಖ್ ಬ್ರಾಂಡಿಸ್ 1856ರಲ್ಲಿ ಬರ್ಮದ ಪೆಗು ಪ್ರಾಂತದ ತೇಗದ ಕಾಡುಗಳ ಹೊಣೆ ಹೊತ್ತ; 1864ರಲ್ಲಿ ಭಾರತದ ಅರಣ್ಯಗಳ ಮೊದಲ ಮಹಾನಿರೀಕ್ಷಕನಾದ. 1878ರಲ್ಲಿ ಡೆಹರಾಡೂನಿನಲ್ಲಿ ಅರಣ್ಯ ಶಾಲೆ ತೆರೆಯಿತು. ಅರಣ್ಯ ಕಾಯಿದೆ ಬಂದದ್ದೂ ಅದೇ ವರ್ಷ. ಬ್ರಾಂಡಿಸ್ ಹಳ್ಳಿಗರ ಹಕ್ಕುಗಳ ಬಗ್ಗೆ ಸಹಾನುಭೂತಿ ಉಳ್ಳವನೇ. ಆದರೂ ಸರಕಾರದ ಖಾತೆಯಲ್ಲಿ ತೇಗದ ದಿಮ್ಮಿ ದೊಡ್ಡ ಅಕ್ಷರದಲ್ಲಿ ಬರೆದ ಬಾಬು. ಉಳಿದುದೆಲ್ಲ ‘ಕಿರು ಉತ್ಪನ್ನ’.

ಉತ್ತರ ಕನ್ನಡದ ಸಿರಸಿ, ಸಿದ್ದಾಪುರಗಳ ಅಡಕೆಯ ತೋಟಿಗರನ್ನು ಕೇಳಿದರೆ ಈ ‘ಕಿರು’ ಎಂಬುದರ ಹಿರಿಮೆ ತಿಳಿದೀತು. ತೋಟದ ಮೇಲಣ ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪೂ ದರಕೂ ಇಳಿದುಬರಬೇಕು. ಅದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಬಿದ್ದು ಗೊಬ್ಬರವಾಗಬೇಕು, ಗೊಬ್ಬರ ಅಡಕೆಯ ಬುಡಕ್ಕೆ ಸೇರಬೇಕು. ಬೆಟ್ಟ ಬರಿದಾದರೆ ತೋಟ ಸೊರಗುತ್ತದೆ. ಅಡಕೆಯ ಪೇಟೆಧಾರಣೆ ಪತ್ರಿಕೆಯಲ್ಲಿ ಬರುತ್ತದೆ, ದರಕಿಗೆ ಧಾರಣೆಯಿಲ್ಲ. ಬ್ರಿಟಿಷರ ಆಡಳಿತ ಈ ಸೊಪ್ಪನ್ನು ರೈತನ ಹಕ್ಕೆಂದು ಒಪ್ಪದೆ, ತಾನು ಕರುಣಿಸಿದ ಸವಲತ್ತೆಂದೇ ಬರೆದಿಟ್ಟುಕೊಂಡಿತು. ‘ಹಕ್ಕು’ ಬೇರೆ, ‘ಸವಲತ್ತು’ ಬೇರೆ ಎಂಬುದು ಲೆಕ್ಕಿಗನಿಗೆ ಚೆನ್ನಾಗಿ ಗೊತ್ತು: ಮೊದಲನೆಯದು ಕೊಡಬೇಕಾದ ಸಾಲ, ಎರಡನೆಯದು ಯಾವಾಗ ಬೇಕಾದರೂ ನಿಲ್ಲಿಸಬಹುದಾದ ದಾನ.

ಪುಸ್ತಕಗಳನ್ನು ತಿದ್ದುವ ಯತ್ನಗಳು ಆಗದೆ ಇಲ್ಲ. ಪರಿಸರದ ಲೆಕ್ಕವಿಡಲು ವಿಶ್ವಸಂಸ್ಥೆ 2012ರಲ್ಲಿ ಒಂದು ಅಂತಾರಾಷ್ಟ್ರೀಯ ಚೌಕಟ್ಟನ್ನು ಅಂಗೀಕರಿಸಿತು. 2022–23ರಿಂದ ನಮ್ಮ ಷೇರುಪೇಟೆಯ ಅಗ್ರ 1000 ಕಂಪೆನಿಗಳು ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಸಲ್ಲಿಸುವುದು ಕಡ್ಡಾಯವಾಯಿತು. ಕಲಿಸುವ ನಾವು ಇದನ್ನು ಕೊನೆಯ ಅಧ್ಯಾಯವೊಂದಕ್ಕೆ ಸೇರಿಸಿ ಕೈತೊಳೆದುಕೊಳ್ಳುತ್ತಿದ್ದೇವೆ. ಮೊದಲ ಪಾಠದಲ್ಲಿಯೇ ಬರಬೇಕಾದ ವಿಷಯ ಇದೆಂಬುದು ನನ್ನ ಹಟ. ಆದ್ದರಿಂದ ಪ್ರತಿ ವರ್ಷವೂ ಮೊದಲ ತಿಂಗಳಲ್ಲಿ ಒಂದೆಕರೆ ಅಡಕೆ ತೋಟದ ಆಸ್ತಿ-ಹೊಣೆಯ ಪಟ್ಟಿ ಬರೆಯುವಂತೆ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬಾವಿ, ಪಂಪು, ಮರ, ಸೊಸೈಟಿಯ ಸಾಲ ಸರಾಗವಾಗಿ ಬೀಳುತ್ತವೆ. ಸೊಪ್ಪನ್ನು ಮಾತ್ರ ಒಬ್ಬರು ಖರ್ಚಿಗೆ ಹಾಕುತ್ತಾರೆ, ಇನ್ನೊಬ್ಬರು ಬಿಟ್ಟೇಬಿಡುತ್ತಾರೆ. ಅದನ್ನು ಬೆಟ್ಟದ ಹೆಸರಿಗೆ ಜಮಾ ಮಾಡಿ, ತೋಟದ ತಲೆಗೆ ಸಾಲವೆಂದು ಬರೆದವಳು ಇದುವರೆಗೆ ಒಬ್ಬಳೇ ಹುಡುಗಿ. ಆ ಸಾಲದ ಮೊತ್ತವೆಷ್ಟೆಂದು ಉಳಿದವರು ಅವಳನ್ನು ಗಂಟೆ ಹೊಡೆದ ಮೇಲೂ ಬಿಡದೆ ಕೇಳುತ್ತಿದ್ದರು.